ಪಿಕಪ್‌ನ ಎಬಿಎಸ್ ಲೈಟ್ ಆರುತ್ತಿಲ್ಲವೇ? ಸೆನ್ಸರ್ ಬದಲಿಸುವ ಮುಂಚೆ ಹೀಗೆ ಹುಡುಕಿ

ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಅದರ ಬಗ್ಗೆ ಪಿಕಪ್ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವುದು ಎರಡು ಪ್ರಶ್ನೆ. "ಮೀಟರ್‌ನಲ್ಲಿ ಎಬಿಎಸ್ ಅಂತ ಹಳದಿ ಲೈಟ್ ಬಂದಿದೆ, ಗಾಡಿ ಓಡಿಸಬಹುದಾ?" ಎನ್ನುವುದು ಒಂದು. "ಸೆನ್ಸರ್ ಹೊಸದು ಹಾಕಿಸಿದೆ, ಆದರೂ ಲೈಟ್ ಆರಿಲ್ಲ, ಈಗ ಮಾಡ್ಯೂಲೇ ಹೋಗಿದೆ ಅಂತಿದ್ದಾರೆ" ಎನ್ನುವುದು ಇನ್ನೊಂದು. ಎರಡನೆಯ ಪ್ರಶ್ನೆ ಕೇಳುವವರು ಅಷ್ಟೊತ್ತಿಗೆ ಒಂದು ಸುತ್ತು ದುಡ್ಡು ಕಳೆದುಕೊಂಡಿರುತ್ತಾರೆ. ಅಳೆದು ನೋಡದೆ ಭಾಗ ಬದಲಿಸಿದ್ದರಿಂದ ಆದ ನಷ್ಟ ಅದು. ಈ ದೋಷ ಬಹುಪಾಲು ಸಲ ಸಿಗುವುದು ಚಕ್ರದ ಬಳಿಯ ತುಕ್ಕು, ಕೆಸರು, ತುಂಡಾದ ವೈರು ಅಥವಾ ನೀರು ಹೊಕ್ಕ ಕಪ್ಲರ್‌ನಲ್ಲಿ (ಎರಡು ವೈರ್ ತುದಿಗಳನ್ನು ಜೋಡಿಸುವ ಸಾಕೆಟ್). ಮಾಡ್ಯೂಲ್, ಅಂದರೆ ಎಬಿಎಸ್ ಅನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೆಟ್ಟಿರುವುದು ಅಪರೂಪ.

ಮೊದಲು ಎಬಿಎಸ್ ಕೆಲಸ ಮಾಡುವ ಬಗೆ ತಿಳಿದಿರಲಿ. ಪ್ರತಿ ಚಕ್ರದ ಹತ್ತಿರ ಹಲ್ಲಿರುವ ಒಂದು ಬಳೆ ತಿರುಗುತ್ತಿರುತ್ತದೆ. ಅದಕ್ಕೆ ಟೋನ್ ರಿಂಗ್ ಎನ್ನುತ್ತಾರೆ. ಅದರ ಎದುರಿಗೆ ಕೂದಲೆಳೆಯಷ್ಟು ಸಂದು ಬಿಟ್ಟು ಸೆನ್ಸರ್ ಕೂತಿರುತ್ತದೆ. ಹಲ್ಲು ದಾಟಿದಾಗೆಲ್ಲ ಒಂದೊಂದು ಸಿಗ್ನಲ್ ಹೋಗುತ್ತದೆ, ಮಾಡ್ಯೂಲ್ ಅದನ್ನು ಎಣಿಸಿ ಚಕ್ರದ ವೇಗ ತಿಳಿಯುತ್ತದೆ. ಬ್ರೇಕ್ ಒತ್ತಿದಾಗ ಒಂದು ಚಕ್ರ ಉಳಿದವಕ್ಕಿಂತ ಬೇಗ ನಿಂತುಬಿಟ್ಟರೆ, ಮಾಡ್ಯೂಲ್ ತನ್ನ ವಾಲ್ವ್ ಮತ್ತು ಪಂಪ್‌ನಿಂದ ಆ ಚಕ್ರದ ಬ್ರೇಕ್ ಒತ್ತಡವನ್ನಷ್ಟೇ ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ಎಣಿಕೆ ತಪ್ಪಿದರೆ ಮಾಡ್ಯೂಲ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಲೈಟ್ ಹಾಕುತ್ತದೆ. ಮಾಮೂಲಿ ಬ್ರೇಕ್ ಹಾಗೇ ಇರುತ್ತದೆ.

ಏನೇನು ಬೇಕು

ಜಾಕಿ, ಅದರ ಜೊತೆ ಗಟ್ಟಿ ಸ್ಟ್ಯಾಂಡ್ ಎರಡು, ಚಕ್ರಕ್ಕೆ ಕೊಡಲು ಕಲ್ಲು ಅಥವಾ ಮರದ ತುಂಡು, ಡಿಜಿಟಲ್ ಮಲ್ಟಿಮೀಟರ್, ತಂತಿ ಬ್ರಷ್, ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಮತ್ತು ಎಬಿಎಸ್ ಓದುವ ಸ್ಕ್ಯಾನರ್. ಕೊನೆಯದರ ಬಗ್ಗೆ ಒಂದು ಎಚ್ಚರಿಕೆ: ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ (ದೋಷದ ಗುರುತಿನ ಸಂಖ್ಯೆ) ಮಾತ್ರ ಓದುತ್ತವೆ. ಅದರಲ್ಲಿ "ಯಾವ ದೋಷವೂ ಇಲ್ಲ" ಎಂದು ಬಂದರೆ ಎಬಿಎಸ್ ಸರಿ ಇದೆ ಎಂದಲ್ಲ, ಅದು ಎಬಿಎಸ್ ಅನ್ನು ಮುಟ್ಟೇ ಇಲ್ಲ ಎಂದರ್ಥ. ನಿಮ್ಮ ಗಾಡಿಯ ಮಾದರಿಗೆ ಎಬಿಎಸ್ ಓದುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಇಲ್ಲದಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜ್‌ನಲ್ಲಿ ಕೋಡ್ ಓದಿಸಿ, ಬರೆಸಿಕೊಂಡು ಬನ್ನಿ. ಆಮೇಲಿನ ಕೆಲಸ ನೀವೇ ಮಾಡಬಹುದು.

1. ಯಾವ ಲೈಟ್, ಯಾವಾಗ ಬರುತ್ತದೆ ನೋಡಿ

ಕೀ ಆನ್ ಮಾಡಿದಾಗ ಎಬಿಎಸ್ ಲೈಟ್ ಎರಡು ಮೂರು ಸೆಕೆಂಡ್ ಬಂದು ಆರಬೇಕು. ಅದು ಲೈಟಿನ ಸ್ವಂತ ಪರೀಕ್ಷೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಇದನ್ನು ಕಣ್ಣಿಟ್ಟು ನೋಡಿ. ಲೈಟ್ ಬರಲೇ ಇಲ್ಲವೆಂದರೆ, ಅಥವಾ ಚಾರ್ಜಿಂಗ್ ಲೈಟಿನ ಜೊತೆಯಲ್ಲೇ ಬಂದು ಜೊತೆಯಲ್ಲೇ ಹೋಗುತ್ತಿದ್ದರೆ, ಯಾರೋ ಬಲ್ಬ್ ತೆಗೆದಿರುವ ಅಥವಾ ವೈರ್ ಅಡ್ಡ ಜೋಡಿಸಿರುವ ಸಾಧ್ಯತೆ ದೊಡ್ಡದು.

ಹಳದಿ ಎಬಿಎಸ್ ಲೈಟ್ ಒಂದೇ ಇದ್ದರೆ, ಪೆಡಲ್ ಎಂದಿನಂತೆ ಗಟ್ಟಿ ಇದ್ದರೆ, ಅಂತರ ಹೆಚ್ಚು ಬಿಟ್ಟು ನಿಧಾನವಾಗಿ ಗ್ಯಾರೇಜ್‌ವರೆಗೆ ಓಡಿಸಬಹುದು. ಹಳದಿಯ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದೂ ಎರಡೂ ಉರಿಯುತ್ತಿದ್ದರೆ ಗಾಡಿ ನಿಲ್ಲಿಸಿ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಇಬಿಡಿ ಕೂಡ ಆಫ್ ಆಗಿರಬಹುದು. ಇಬಿಡಿ ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡವನ್ನು ಹಂಚುವ ವ್ಯವಸ್ಥೆ. ಪಿಕಪ್‌ಗೆ ಇದು ಕಾರಿಗಿಂತ ಮುಖ್ಯ. ಲೋಡ್ ಇಳಿಸಿದ ಮೇಲೆ ಹಿಂಬದಿಯಲ್ಲಿ ತೂಕವೇ ಇರುವುದಿಲ್ಲ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ತಿರುಗುತ್ತದೆ.

ಇನ್ನು ಸಮಯ. ಕೀ ಆನ್ ಮಾಡಿದಾಗಿನಿಂದಲೇ ಲೈಟ್ ಆರದಿದ್ದರೆ ಕರೆಂಟಿನ ದಾರಿಯಲ್ಲಿ ಹುಡುಕಿ: ಫ್ಯೂಸ್, ತುಂಡಾದ ವೈರು, ಪಂಪ್, ಮಾಡ್ಯೂಲ್. ಆರಿ, ಗಾಡಿ 10-20 ಕಿ.ಮೀ. ವೇಗಕ್ಕೆ ಬಂದ ಮೇಲೆ ಮತ್ತೆ ಬಂದರೆ ಸೆನ್ಸರ್ ಸಿಗ್ನಲ್ಲೇ ಕಾರಣ: ಟೋನ್ ರಿಂಗ್, ಸಂದು, ಬೇರಿಂಗ್. ಹಳ್ಳ ಹತ್ತಿಳಿದಾಗ ಮಾತ್ರ ಬಂದರೆ ವೈರ್ ಒಳಗೆ ತುಂಡಾಗಿದೆ. ಇದೊಂದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ದೋಷವೇ ಇಲ್ಲದೆ ಲೈಟ್ ಬರುವ ಸಂದರ್ಭವೂ ಉಂಟು. ಕೆಸರಿನಲ್ಲಿ ಹೂತು ಒಂದು ಚಕ್ರ ಮಾತ್ರ ಬಹಳ ಹೊತ್ತು ತಿರುಗಿದಾಗ, ಅಥವಾ ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಎರಡು ಚಕ್ರ ಮಾತ್ರ ತಿರುಗಿದಾಗ, ಮಾಡ್ಯೂಲ್‌ಗೆ ಲೆಕ್ಕ ತಾಳೆಯಾಗುವುದಿಲ್ಲ. ಕೀ ಆಫ್ ಮಾಡಿ, ಸ್ಟಾರ್ಟ್ ಮಾಡಿ, ಸ್ವಲ್ಪ ದೂರ ನೇರ ಓಡಿಸಿ. ಆರಿದರೆ ಬಿಟ್ಟುಬಿಡಿ.

2. ಬಾನೆಟ್ ಎತ್ತಿ: ಆಯಿಲ್, ಬ್ಯಾಟರಿ, ಫ್ಯೂಸ್

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆ ಇದೆ ಎಂದು ತಕ್ಷಣ ಸುರಿಯಬೇಡಿ. ಲೈನಿಂಗ್ ಮತ್ತು ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತದೆ, ಹೊಸ ಪ್ಯಾಡ್ ಹಾಕಿದಾಗ ವಾಪಸ್ ಏರುತ್ತದೆ. ಪ್ಯಾಡ್ ಸವೆದಿಲ್ಲದಿದ್ದೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ನಾಲ್ಕೂ ಚಕ್ರದ ಒಳಭಾಗ ನೋಡಿ. ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ, ಡಾಟ್ 3 ಅಥವಾ ಡಾಟ್ 4. ಪವರ್ ಸ್ಟೀರಿಂಗ್ ಆಯಿಲ್, ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ಸೀಲ್‌ಗಳು ಉಬ್ಬಿ ಇಡೀ ಬ್ರೇಕ್ ವ್ಯವಸ್ಥೆ ಹಾಳಾಗುತ್ತದೆ.

ಬ್ಯಾಟರಿ: ಎಂಜಿನ್ ನಿಂತಿರುವಾಗ 12.4ರಿಂದ 12.7 ವೋಲ್ಟ್, ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 10ಕ್ಕಿಂತ ಕೆಳಗೆ ಕುಸಿದರೆ ಎಬಿಎಸ್ ಕೈಬಿಡುತ್ತದೆ. ಬೆಳಿಗ್ಗೆ ಚಳಿಯಲ್ಲಿ ಮಾತ್ರ ಲೈಟ್ ಬಂದು ಮಧ್ಯಾಹ್ನ ಇಲ್ಲವೆಂದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಿ. ಟರ್ಮಿನಲ್ ಮೇಲಿನ ಬಿಳಿ ಹುಡಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಗಿ ಮಾಡಿ.

ಎಬಿಎಸ್‌ಗೆ ಒಂದೇ ಫ್ಯೂಸ್ ಇರುವುದಿಲ್ಲ. ಪಂಪ್ ಮೋಟರ್‌ಗೆ 30 ಅಥವಾ 40 ಆಂಪಿಯರ್‌ನ ದೊಡ್ಡದೊಂದು, ವಾಲ್ವ್‌ಗಳಿಗೆ ಇನ್ನೊಂದು, ಇಗ್ನಿಷನ್ ಕರೆಂಟಿಗೆ 5 ಅಥವಾ 10 ಆಂಪಿಯರ್‌ನ ಸಣ್ಣದೊಂದು. ಸಣ್ಣದು ಬಹಳ ಸಲ ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ನೋಡಲು ಮರೆಯುವವರೇ ಹೆಚ್ಚು. ಕಣ್ಣಲ್ಲಿ ನೋಡಿ ಬಿಡಬೇಡಿ. ಮಲ್ಟಿಮೀಟರ್‌ನಲ್ಲಿ ಫ್ಯೂಸಿನ ಎರಡೂ ಕಡೆ ಕರೆಂಟ್ ಇದೆಯೇ ನೋಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದ್ದನ್ನು ಹಾಕಿದರೆ ಮುಂದಿನ ಬಾರಿ ಸುಡುವುದು ವೈರಿಂಗ್.

3. ಬ್ರೇಕ್ ಲೈಟ್ ಮತ್ತು ಟೈರ್

ಪೆಡಲ್ ಒತ್ತಿ, ಹಿಂದಿನ ಬ್ರೇಕ್ ಲೈಟ್‌ಗಳು ಬರುತ್ತಿವೆಯೇ ನೋಡಲು ಒಬ್ಬರಿಗೆ ಹೇಳಿ. ಪೆಡಲ್ ಮೇಲಿನ ಸ್ವಿಚ್ ಕೆಟ್ಟರೆ ಮಾಡ್ಯೂಲ್‌ಗೆ ಬ್ರೇಕ್ ಒತ್ತಿದ್ದೇ ತಿಳಿಯುವುದಿಲ್ಲ. ಟೈರ್‌ಗಳ ಬದಿಯಲ್ಲಿರುವ ಅಳತೆ ನಾಲ್ಕಕ್ಕೂ ಒಂದೇ ಇರಲಿ. ಒಂದು ಬದಿ ಹೊಸದು, ಇನ್ನೊಂದು ಬದಿ ರೀಸೋಲ್ ಮಾಡಿದ ಸವಕಲು ಟೈರ್ ಇದ್ದರೆ ಸುತ್ತಳತೆಯೇ ಬೇರೆ, ವೇಗದ ಲೆಕ್ಕವೂ ಬೇರೆ.

4. ಕೋಡ್ ಓದಿ, ಬರೆದಿಡಿ, ಅಳಿಸಬೇಡಿ

ಎಬಿಎಸ್ ಕೋಡ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನ ಸಿ (C) ಅಕ್ಷರದಿಂದ ಶುರುವಾಗುತ್ತವೆ. ಯು (U) ಇಂದ ಶುರುವಾದರೆ ಮಾಡ್ಯೂಲ್‌ಗಳ ನಡುವಿನ ಮಾತುಕತೆ ಕಡಿದಿದೆ ಎಂದರ್ಥ. ಕೋಡ್ ಹೇಳುವುದು ಜಾಗವನ್ನು, ಭಾಗವನ್ನಲ್ಲ. "ಹಿಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್" ಎಂದು ಬಂದರೆ ಆ ಚಕ್ರದಿಂದ ಮಾಡ್ಯೂಲ್‌ವರೆಗಿನ ಇಡೀ ದಾರಿಯಲ್ಲಿ ಎಲ್ಲಿ ಬೇಕಾದರೂ ದೋಷವಿರಬಹುದು. ಅಂಗಡಿಯಿಂದ ಸೆನ್ಸರ್ ತರುವ ಆತುರ ಹುಟ್ಟುವುದು ಇಲ್ಲೇ. ತಡೆಯಿರಿ.

ಕೋಡ್‌ನ ವಿವರಣೆಯನ್ನು ಓದಿ. "ಸರ್ಕ್ಯೂಟ್ ಓಪನ್", "ಶಾರ್ಟ್" ಎಂದಿದ್ದರೆ ವೈರ್, ಕಪ್ಲರ್ ಅಥವಾ ಸೆನ್ಸರ್‌ನ ಒಳಗೆ. "ಸಿಗ್ನಲ್ ಸರಿ ಇಲ್ಲ", "ಸಿಗ್ನಲ್ ಇಲ್ಲ" ಎಂದಿದ್ದರೆ ಹೆಚ್ಚಾಗಿ ಟೋನ್ ರಿಂಗ್, ಸಂದು, ಬೇರಿಂಗ್.

ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಾಲ್ಕೂ ಚಕ್ರದ ವೇಗ ತೆರೆಗೆ ತಂದು, ಖಾಲಿ ರಸ್ತೆಯಲ್ಲಿ ನೇರವಾಗಿ 30 ಕಿ.ಮೀ.ವರೆಗೆ ಹೋಗಿ ನಿಧಾನ ನಿಲ್ಲಿಸಿ. ಪಕ್ಕದಲ್ಲಿ ಕೂತವರು ತೆರೆ ನೋಡಲಿ, ಸ್ಟೀರಿಂಗ್ ಹಿಡಿದವರಲ್ಲ. ನಿಲ್ಲುವ ಹೊತ್ತಿಗೆ ಮೂರು ಚಕ್ರ 8, 7, 6 ಎಂದು ಇಳಿಯುತ್ತಿರುವಾಗ ಒಂದು ಮಾತ್ರ ಧಪ್ಪನೆ ಸೊನ್ನೆಗೆ ಬಿದ್ದರೆ ಅದೇ ಚಕ್ರ.

5. ಆ ಚಕ್ರವನ್ನು ಬಿಚ್ಚಿ ನೋಡಿ

ಸಮತಟ್ಟು ನೆಲದಲ್ಲಿ, ಲೋಡ್ ಇಲ್ಲದೆ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟು ಎತ್ತಿ. ಜಾಕಿ ಮೇಲೆ ನಿಂತ ಗಾಡಿಯ ಅಡಿಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಟ್ಟ ಮೇಲೆಯೇ.

ಮೊದಲು ಬೇರಿಂಗ್. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದು ಆಟ ಸಿಕ್ಕರೆ, ತಿರುಗಿಸಿದಾಗ ಗರಗರ ಎಂದರೆ, ಬೇರಿಂಗ್ ಹೋಗಿದೆ. ಅದರ ಆಟದಿಂದಲೇ ರಿಂಗ್ ಮತ್ತು ಸೆನ್ಸರ್ ನಡುವಿನ ಸಂದು ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಸೆನ್ಸರ್ ಹೊಸದು ಹಾಕಿದರೂ ಪ್ರಯೋಜನವಿಲ್ಲ.

ಆಮೇಲೆ ವೈರ್. ಸೆನ್ಸರ್‌ನಿಂದ ಹಿಡಿದು ಕಪ್ಲರ್‌ವರೆಗೆ ಬೆರಳಲ್ಲಿ ಸವರುತ್ತಾ ಹೋಗಿ. ಮುಂದಿನ ಚಕ್ರದಲ್ಲಿ ಸ್ಟೀರಿಂಗ್ ತಿರುಗಿದಂತೆ ವೈರ್ ಮಡಚುವ ಜಾಗ, ಹಿಂದೆ ಆಕ್ಸಲ್‌ನಿಂದ ಚಾಸಿಗೆ ದಾಟುವ ಜಾಗ, ಈ ಎರಡು ಕಡೆ ಹೆಚ್ಚು ತುಂಡಾಗುತ್ತದೆ. ಪಿಕಪ್‌ನಲ್ಲಿ ಲೋಡ್ ಹತ್ತಿದಾಗ ಲೀಫ್ ಸ್ಪ್ರಿಂಗ್ ಕುಗ್ಗಿ, ಇಳಿಸಿದಾಗ ಮೇಲೆದ್ದು, ವೈರ್ ದಿನವಿಡೀ ಮಡಚಿ ಬಿಚ್ಚುತ್ತಿರುತ್ತದೆ. ಮೇಲಿನ ರಬ್ಬರ್ ಸರಿಯಾಗಿಯೇ ಕಾಣುತ್ತದೆ, ಒಳಗಿನ ತಾಮ್ರ ಕಡಿದಿರುತ್ತದೆ. ಆ ಜಾಗದಲ್ಲಿ ವೈರ್ ಉಳಿದ ಕಡೆಗಿಂತ ಮೆತ್ತಗೆ, ಜೀವವಿಲ್ಲದ ಹಾಗೆ ಬಾಗುತ್ತದೆ. ಬ್ರೇಕ್ ಕೆಲಸ ಮಾಡಿದವರು ಕ್ಲಿಪ್ ಹಾಕದೆ ಬಿಟ್ಟಿದ್ದರೆ ವೈರ್ ಟೈರಿಗೆ ಉಜ್ಜಿರುತ್ತದೆ. ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದಿದೆಯೇ ಎಂದೂ ನೋಡಿ.

ಇನ್ನು ಸೆನ್ಸರ್ ಕೂತ ಜಾಗ. ಸೆನ್ಸರ್ ಒಂದು ಬೋಲ್ಟ್‌ನಲ್ಲಿ ನಿಂತಿರುತ್ತದೆ. ಬೋಲ್ಟ್ ಬಿಚ್ಚಿದರೂ ಅದು ಬರುವುದಿಲ್ಲ, ತುಕ್ಕು ಕಚ್ಚಿ ಹಿಡಿದಿರುತ್ತದೆ. ಸ್ಕ್ರೂ ಡ್ರೈವರ್ ಕೊಟ್ಟು ಮೀಟಿದರೆ ತಲೆ ಮುರಿದು ಪ್ಲಾಸ್ಟಿಕ್ ತುಂಡು ರಂಧ್ರದಲ್ಲೇ ಉಳಿಯುತ್ತದೆ. ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು (ಬ್ರೇಕ್ ಡಿಸ್ಕ್, ಲೈನಿಂಗ್ ಮೇಲೆ ಬೀಳದಂತೆ ಬಟ್ಟೆ ಮುಚ್ಚಿ) ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಳೆಯಿರಿ. ಸುತ್ತಿಗೆ ಬೇಡ.

ಹೊರಗೆ ಬಂದ ಮೇಲೆ ಅದು ಕೂತಿದ್ದ ಲೋಹದ ಮುಖವನ್ನು ಬೆರಳಲ್ಲಿ ಮುಟ್ಟಿ. ಪದರ ಪದರವಾಗಿ ಉಬ್ಬಿದ ತುಕ್ಕು ಸಿಗುತ್ತದೆ. ಆ ಉಬ್ಬು ಸೆನ್ಸರನ್ನು ಮೇಲಕ್ಕೆ ಎತ್ತುತ್ತದೆ, ಸಂದು ದೊಡ್ಡದಾಗುತ್ತದೆ, ನಿಧಾನ ವೇಗದಲ್ಲಿ ಸಿಗ್ನಲ್ ಸಾಲುವುದಿಲ್ಲ. ಸಂದು ಸಾಮಾನ್ಯವಾಗಿ 0.3ರಿಂದ 1.2 ಮಿ.ಮೀ. ಒಳಗಿರಬೇಕು. ಒಂದು ಮಿಲಿಮೀಟರ್ ತುಕ್ಕು ಎಂದರೆ ಸಣ್ಣದಲ್ಲ. ಗಾಡಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಪೆಡಲ್ ಕಾಲಡಿ ಕರಕರ ಎಂದು ನಡುಗುವುದು ಇದರ ಸ್ಪಷ್ಟ ಲಕ್ಷಣ: ಚಕ್ರ ನಿಂತಿದೆ ಎಂದು ತಪ್ಪು ತಿಳಿದು ಎಬಿಎಸ್ ಬ್ರೇಕ್ ಬಿಡುತ್ತಿರುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ರಾಜ್ಯಗಳಲ್ಲಿ ಜನರಲ್ ಮೋಟರ್ಸ್ 2005ರಲ್ಲಿ, 1999ರಿಂದ 2002ರ ನಡುವಿನ ಮಾದರಿಯ ಪಿಕಪ್‌ಗಳನ್ನು ವಾಪಸ್ ಕರೆಸಿಕೊಂಡಿದ್ದು ಇದೇ ತುಕ್ಕಿಗಾಗಿ. ನಮ್ಮ ಕರಾವಳಿಯಲ್ಲಿ ಮೀನು ಸಾಗಿಸುವ ಗಾಡಿಗಳಿಗೆ ಹಿಮ ಬೇಕಿಲ್ಲ. ಮೀನಿನ ಪೆಟ್ಟಿಗೆಯಿಂದ ತೊಟ್ಟಿಕ್ಕುವ ಉಪ್ಪುನೀರು ನೇರ ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಅಂಥ ಗಾಡಿಯನ್ನು ಪ್ರತಿ ದಿನ ಅಡಿಯಿಂದ ಸಿಹಿನೀರಿನಲ್ಲಿ ತೊಳೆಯಿರಿ.

ತುಕ್ಕನ್ನು ತಂತಿ ಬ್ರಷ್ ಮತ್ತು ಎಮರಿಯಿಂದ ಬರಿಯ ಲೋಹ ಕಾಣುವವರೆಗೆ ಉಜ್ಜಿ. ರಂಧ್ರದೊಳಗೆ ಹುಡಿ ಬೀಳದಂತೆ ಬಟ್ಟೆ ತುರುಕಿಟ್ಟು ಉಜ್ಜಿ, ಆಮೇಲೆ ತೆಗೆಯಿರಿ. ಕೂರುವ ಮುಖಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಸೆನ್ಸರ್‌ನ ತುದಿಗೆ ಮಾತ್ರ ಬೇಡ. ಆ ತುದಿಯಲ್ಲಿ ಅಯಸ್ಕಾಂತವಿದ್ದರೆ ಬ್ರೇಕ್ ಡ್ರಮ್ಮಿನ ಕಬ್ಬಿಣದ ಹುಡಿ ಗಡ್ಡದ ಹಾಗೆ ಅಂಟಿರುತ್ತದೆ, ಅದನ್ನು ಒರೆಸಿ ತೆಗೆಯಿರಿ.

ರಂಧ್ರದಿಂದ ಟಾರ್ಚ್ ಬಿಟ್ಟು ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಟೋನ್ ರಿಂಗ್ ನೋಡಿ. ಹಲ್ಲು ಮುರಿದಿದೆಯೇ, ಬಳೆ ಸೀಳಿದೆಯೇ, ಹಲ್ಲಿನ ನಡುವೆ ಕೆಂಪು ಮಣ್ಣು ಗಟ್ಟಿಯಾಗಿದೆಯೇ? ಕೆಲವು ಗಾಡಿಗಳಲ್ಲಿ ಹಲ್ಲಿನ ಬಳೆ ಇರುವುದಿಲ್ಲ. ಬೇರಿಂಗ್‌ನ ಸೀಲ್ ಒಳಗೇ ಕಾಂತದ ಪಟ್ಟಿ ಇರುತ್ತದೆ, ಕಣ್ಣಿಗೆ ಬರೀ ಕಪ್ಪು ರಬ್ಬರ್ ಕಾಣುತ್ತದೆ. ಇಂಥ ಬೇರಿಂಗನ್ನು ಹಿಂದು ಮುಂದಾಗಿ ಕೂರಿಸಿದರೆ ಸೆನ್ಸರ್‌ಗೆ ಏನೂ ಸಿಗುವುದಿಲ್ಲ. ಬೇರಿಂಗ್ ಹಾಕಿಸಿದ ದಿನದಿಂದಲೇ ಲೈಟ್ ಶುರುವಾಗಿದ್ದರೆ ಮೊದಲು ಇದನ್ನೇ ನೋಡಿ. ಹಾಕುವ ಮುಂಚೆ ಒಂದು ಪೇಪರ್ ಪಿನ್ ತೋರಿಸಿ, ಪಿನ್ ಸೆಳೆಯುವ ಬದಿ ಸೆನ್ಸರ್ ಕಡೆ ಬರಬೇಕು.

6. ಮಲ್ಟಿಮೀಟರ್ ಹಿಡಿಯಿರಿ

ಸೆನ್ಸರ್‌ನಲ್ಲಿ ಎರಡು ಜಾತಿ. ಹಳೆಯದು ಪ್ಯಾಸಿವ್: ಒಳಗೆ ಅಯಸ್ಕಾಂತ ಮತ್ತು ತಂತಿ ಸುರುಳಿ, ತಾನೇ ಕರೆಂಟ್ ಹುಟ್ಟಿಸುತ್ತದೆ. ಹೊಸದು ಆಕ್ಟಿವ್: ಅದಕ್ಕೆ ಮಾಡ್ಯೂಲ್‌ನಿಂದ ಕರೆಂಟ್ ಬರಬೇಕು. ಎರಡಕ್ಕೂ ಎರಡೇ ವೈರ್, ನೋಡಿದರೆ ತಿಳಿಯುವುದಿಲ್ಲ. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಕಪ್ಲರ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. 8ರಿಂದ 12 ವೋಲ್ಟ್ ಬಂದರೆ ಆಕ್ಟಿವ್. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಪ್ಯಾಸಿವ್ ಇರಬಹುದು, ಅಥವಾ ಆಕ್ಟಿವ್‌ಗೆ ಬರುವ ವೈರ್ ತುಂಡಾಗಿರಬಹುದು. ಸರಿ ಇರುವ ಇನ್ನೊಂದು ಚಕ್ರದಲ್ಲಿ ಅಳೆದು ಹೋಲಿಸಿದರೆ ತಿಳಿಯುತ್ತದೆ.

ಪ್ಯಾಸಿವ್ ಆದರೆ ಕೀ ಆಫ್ ಮಾಡಿ ಸೆನ್ಸರ್ ಕಡೆಯ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 800ರಿಂದ 2,500 ಓಮ್. ಅಂಕಿಗಿಂತ ಎಡ ಬಲದ ಹೋಲಿಕೆ ಮುಖ್ಯ: ಒಂದರಲ್ಲಿ 1,100, ಇನ್ನೊಂದರಲ್ಲಿ ಅನಂತ ಎಂದು ಬಂದರೆ ಅನುಮಾನವೇ ಇಲ್ಲ. ಅಳೆಯುತ್ತಿರುವಾಗಲೇ ವೈರನ್ನು ಮಡಚುವ ಜಾಗದಲ್ಲಿ ಅಲುಗಿಸಿ. ಅಂಕಿ ಕುಣಿದರೆ ತುಂಡು ಅಲ್ಲೇ ಇದೆ. ಪ್ರತಿ ಪಿನ್‌ನಿಂದ ಚಾಸಿಗೆ ಅಳೆದರೆ ಏನೂ ತೋರಿಸಬಾರದು, ತೋರಿಸಿದರೆ ಶಾರ್ಟ್. ಕೊನೆಗೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಚಕ್ರವನ್ನು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. 0.1 ವೋಲ್ಟ್‌ಗಿಂತ ಹೆಚ್ಚು ಬರಬೇಕು, ಜೋರಾಗಿ ತಿರುಗಿಸಿದಷ್ಟೂ ಏರಬೇಕು.

ಆಕ್ಟಿವ್ ಸೆನ್ಸರ್‌ಗೆ ಓಮ್ ಪರೀಕ್ಷೆ ಮಾಡಬೇಡಿ. ಒಳಗಿರುವುದು ಸಣ್ಣ ಚಿಪ್, ಅದರ ಓಮ್‌ಗೆ ಅರ್ಥವಿಲ್ಲ, ಅದಕ್ಕೆ ಹಾನಿಯೂ ಆಗಬಹುದು. "ಓಮ್ ಬರ್ತಿಲ್ಲ, ಸೆನ್ಸರ್ ಸತ್ತಿದೆ" ಎಂದು ಒಳ್ಳೆಯ ಸೆನ್ಸರನ್ನು ಎಸೆಯುವುದು ಹೀಗೆಯೇ. ಗಾಡಿ ಕಡೆಯ ಕಪ್ಲರ್‌ಗೆ ವೋಲ್ಟೇಜ್ ಬರುತ್ತಿದೆ, ರಿಂಗ್ ಸರಿ ಇದೆ, ಆದರೂ ಲೈವ್ ಡೇಟಾದಲ್ಲಿ ವೇಗ ಬರುತ್ತಿಲ್ಲ ಎಂದಾಗ ಮಾತ್ರ ಸೆನ್ಸರ್ ಬದಲಿಸಿ. ಎಡ ಬಲದ ಸೆನ್ಸರ್ ಒಂದೇ ಪಾರ್ಟ್ ನಂಬರ್ ಆಗಿದ್ದರೆ ಅದಲು ಬದಲು ಮಾಡಿ ನೋಡಿ. ದೋಷ ಸೆನ್ಸರ್ ಜೊತೆ ಆಚೆ ಬದಿಗೆ ಹೋದರೆ ದುಡ್ಡು ಖರ್ಚು ಮಾಡಲು ಕಾರಣ ಸಿಕ್ಕಿತು.

7. ವೈರ್ ಮತ್ತು ಕಪ್ಲರ್ ಸರಿಪಡಿಸುವುದು

ಕಪ್ಲರ್ ಒಳಗೆ ಹಸಿರು ಹುಡಿ ಕಂಡರೆ ನೀರು ಹೊಕ್ಕಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ರಬ್ಬರ್ ಸೀಲ್ ಇದೆಯೇ ನೋಡಿ ಜೋಡಿಸಿ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಲೈಟ್ ಬರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಸೆನ್ಸರ್‌ನ ಎರಡು ವೈರ್‌ಗಳನ್ನು ಒಂದಕ್ಕೊಂದು ಹೆಣೆದಿರುವುದು ಚೆಂದಕ್ಕಲ್ಲ, ಬೇರೆ ವೈರ್‌ಗಳ ಅಡಚಣೆ ತಾಗದಿರಲೆಂದು. ಜೋಡಿಸಿದ ಮೇಲೂ ಹೆಣಿಗೆ ಉಳಿಸಿ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಆದರೆ ವೈರ್ ಮಡಚುವ ಜಾಗದಲ್ಲೇ ತುಂಡಾಗಿದ್ದರೆ ಬೆಸುಗೆ ಹಾಕಬೇಡಿ. ಬೆಸುಗೆ ಹಾಕಿದ ಕಡೆ ವೈರ್ ಸೆಟೆದುಕೊಂಡು ಅದರ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಅಲ್ಲಿ ಪೂರ್ತಿ ವೈರ್ ಸಮೇತ ಸೆನ್ಸರ್ ಬದಲಿಸುವುದೇ ಸರಿ. ತೆಗೆದ ಪ್ರತಿ ಕ್ಲಿಪ್ ವಾಪಸ್ ಹಾಕಿ.

8. ಮಾಡ್ಯೂಲ್ ಹೋಗಿದೆ ಎಂದು ಯಾವಾಗ ನಂಬಬೇಕು

ಪಂಪ್ ಅಥವಾ ವಾಲ್ವ್ ಕೋಡ್ ಬಂದು, ಫ್ಯೂಸ್ ಸರಿ ಇದ್ದು, ಮಾಡ್ಯೂಲ್‌ನ ಕಪ್ಲರ್‌ವರೆಗೆ ಬ್ಯಾಟರಿ ಕರೆಂಟ್ ಬರುತ್ತಿದ್ದರೆ, ಉಳಿದಿರುವುದು ಅರ್ಥ್, ಅಂದರೆ ಕರೆಂಟ್ ಚಾಸಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಮಾಡ್ಯೂಲ್‌ನ ಅರ್ಥ್ ವೈರ್ ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿ, ಬಣ್ಣ ತುಕ್ಕು ಕೆರೆದು, ಮತ್ತೆ ಬಿಗಿ ಮಾಡಿ. ಸ್ಕ್ಯಾನರ್‌ನಲ್ಲಿ ಪಂಪ್ ಓಡಿಸುವ ಆಯ್ಕೆ ಇದ್ದರೆ, ಪಂಪ್ ಓಡುವಾಗ ಮಾಡ್ಯೂಲ್‌ನ ಅರ್ಥ್ ಪಿನ್‌ನಿಂದ ಬ್ಯಾಟರಿ ಮೈನಸ್‌ಗೆ ಅಳೆಯಿರಿ. 0.2 ವೋಲ್ಟ್ ದಾಟಿದರೆ ಅರ್ಥ್ ಇನ್ನೂ ಸರಿ ಇಲ್ಲ. ಇದೂ ಸರಿ ಇದ್ದರೆ ಆಗ ಮಾಡ್ಯೂಲ್ ಬಗ್ಗೆ ಮಾತಾಡೋಣ.

ಹಿಂದೆ ಬಾಡಿ ಕಟ್ಟಿಸಿದಾಗ, ಚಾಸಿಗೆ ವೆಲ್ಡಿಂಗ್ ಮಾಡಿಸಿದಾಗ ಬ್ಯಾಟರಿ ಬಿಚ್ಚಿರಲಿಲ್ಲವೆಂದರೆ ಮಾಡ್ಯೂಲ್ ನಿಜಕ್ಕೂ ಸುಟ್ಟಿರಬಹುದು. ಮುಂದೆ ವೆಲ್ಡಿಂಗ್ ಇದ್ದರೆ ಬ್ಯಾಟರಿ ಮೈನಸ್ ಮತ್ತು ಎಬಿಎಸ್ ಕಪ್ಲರ್ ಎರಡನ್ನೂ ಬಿಚ್ಚಿಸಿ, ವೆಲ್ಡಿಂಗ್ ಅರ್ಥ್ ಕ್ಲಿಪ್ಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಗುಜರಿಯಿಂದ ಮಾಡ್ಯೂಲ್ ತರುವವರು ಪಾರ್ಟ್ ನಂಬರ್ ಅಕ್ಷರಶಃ ಹೊಂದಿಸಿ. ಹೆಚ್ಚಿನ ಗಾಡಿಗಳಲ್ಲಿ ಅದಕ್ಕೆ ಕೋಡಿಂಗ್ ಬೇಕು, ಅಂದರೆ ಸ್ಕ್ಯಾನರ್‌ನಿಂದ ಆ ಗಾಡಿಗೆ ಹೊಂದಿಸಬೇಕು. ಪೈಪ್ ಬಿಚ್ಚುವ ಕೆಲಸವಾದರೆ ಒಳಗೆ ಗಾಳಿ ಸೇರುತ್ತದೆ, ಅದನ್ನು ಹೊರಹಾಕಲು ಬರೀ ಪೆಡಲ್ ಒತ್ತಿದರೆ ಸಾಲದು, ಸ್ಕ್ಯಾನರ್‌ನಿಂದ ವಾಲ್ವ್ ಆಡಿಸಬೇಕು. ಇದು ಮನೆಯಂಗಳದ ಕೆಲಸವಲ್ಲ.

9. ಕೋಡ್ ಅಳಿಸಿ, ಓಡಿಸಿ ನೋಡಿ

ಈಗ ಕೋಡ್ ಅಳಿಸಿ. ಲೈಟ್ ತಕ್ಷಣ ಆರದಿದ್ದರೆ ಗಾಬರಿ ಬೇಡ. ಕೆಲವು ಗಾಡಿಗಳಲ್ಲಿ 20-30 ಕಿ.ಮೀ. ವೇಗ ದಾಟಿ, ನಾಲ್ಕೂ ಸಿಗ್ನಲ್ ಸರಿ ಇದೆ ಎಂದು ಮಾಡ್ಯೂಲ್ ಖಚಿತ ಮಾಡಿಕೊಂಡ ಮೇಲೆಯೇ ಆರುತ್ತದೆ. ಸರಿಯಾದ ರಿಪೇರಿಯನ್ನೇ ತಪ್ಪೆಂದು ತಿಳಿದು ಮತ್ತೆ ಬಿಚ್ಚುವವರು ಇದ್ದಾರೆ.

ಜನ, ದನ, ಗಾಡಿ ಯಾವುದೂ ಇಲ್ಲದ ಜಲ್ಲಿ ಮೈದಾನದಲ್ಲಿ, ಖಾಲಿ ಗಾಡಿಯಲ್ಲಿ, 30 ಕಿ.ಮೀ. ವೇಗದಿಂದ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಕಾಲಡಿ ಪೆಡಲ್ ಪಟಪಟ ಮಿಡಿಯಬೇಕು, ಪಂಪ್ ಗೊರಗೊರ ಎನ್ನಬೇಕು, ಸ್ಟೀರಿಂಗ್ ಹೇಳಿದ ಮಾತು ಕೇಳಬೇಕು. ಇಳಿದು ನೆಲ ನೋಡಿ: ನಾಲ್ಕೂ ಟೈರಿನ ಗುರುತು ಬಿಟ್ಟು ಬಿಟ್ಟು ಕಾಣಬೇಕು. ಒಂದು ಚಕ್ರದ್ದು ಮಾತ್ರ ಉದ್ದಕ್ಕೆ ಉಳುಮೆ ಮಾಡಿದ ಹಾಗಿದ್ದರೆ ಆ ಚಕ್ರ ಲಾಕ್ ಆಗಿದೆ, ಐದನೆಯ ಹಂತಕ್ಕೆ ವಾಪಸ್ ಹೋಗಿ.

ಕೆಲವು ದಿನ ಬಿಟ್ಟು ಲೈಟ್ ಮತ್ತೆ ಬಂದರೆ ಆ ಕ್ಷಣದಲ್ಲಿ ಮಳೆ ಇತ್ತೇ, ಲೋಡ್ ಎಷ್ಟಿತ್ತು, ತಿರುವಿನಲ್ಲಿತ್ತೇ, ವೇಗ ಎಷ್ಟಿತ್ತು ಎಂದು ಬರೆದಿಡಿ, ಮತ್ತೆ ಕೋಡ್ ಓದಿಸಿ. ಹಿಂದಿನ ಕೋಡೇ ಬಂದಿದ್ದರೆ ವೈರ್ ಇನ್ನೂ ಎಲ್ಲೋ ಕಡಿದಿರಬಹುದು. ಬೇರೆ ಚಕ್ರದ್ದು ಬಂದಿದ್ದರೆ ಅದು ಹೊಸ ದೋಷ. ಒಂದೇ ವಯಸ್ಸಿನ, ಒಂದೇ ಕೆಸರು ತಿಂದ ಇನ್ನೊಂದು ಬದಿಯ ಸೆನ್ಸರ್‌ಗೂ ಅಷ್ಟೇ ತುಕ್ಕು ಹಿಡಿದಿರುತ್ತದೆ. ಹಾಗಾಗಿ ಒಂದು ಬದಿ ಬಿಚ್ಚಿದ ದಿನವೇ ಎದುರು ಬದಿಯನ್ನೂ ಬಿಚ್ಚಿ, ಉಜ್ಜಿ, ಗ್ರೀಸ್ ಸವರಿ ಹಾಕಿಬಿಡಿ.